ಗಂಟಿನ ಪಕ್ಕ ಇಡುವ ವೋಡ್ಕಾ

ಲುಝ್ಮಾ
೮ ಸೆಪ್ಟೆಂಬರ್ ೧೯೯೫

ರಿಮ್ಮಾ ಮಗಳೇ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಆಲೂಗಡ್ಡೆ ಅಗೆಯುವ ಕೆಲಸವಿದ್ದದ್ದರಿಂದ ಉತ್ತರಿಸಲಿಲ್ಲ. ಈ ಸಲ ನಿನ್ನ ಅಣ್ಣನೇ ಎಲ್ಲ ಅಗೆದ. ಗೆನ್ಕಾ ಆಗಸ್ಟಿನ ಹಬ್ಬದಿಂದ ಕುಡಿತ ಮುಟ್ಟಿಲ್ಲ. ಇದನ್ನು ಹೇಳಿದರೆ ಎಲ್ಲಿ ಮುರಿದುಹೋಗುತ್ತದೋ ಎಂದು ನ್ಯೂರಾಗೂ ಹೇಳಿಲ್ಲ. ಗೋಡೆಯಾಚೆಯ ಮನೆಯವಳು, ಅವಳಿಗೆ ಹೇಗೂ ಗೊತ್ತಿರುತ್ತದೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಹಿಂದಿನ ಬೀದಿಯ ಸ್ತೆಪಾನ್ ತೀರಿಕೊಂಡ. ಅವನ ಹೆಂಡತಿ ಸ್ಟೇಷನ್ ಹತ್ತಿರದ ಗೂಡಂಗಡಿಯಿಂದ ವೋಡ್ಕಾ ತರಿಸಿದ್ದಳು. ಸತ್ತವನ ಹೆಸರಿನಲ್ಲಿ ಸುರಿದದ್ದನ್ನು ಬೇಡ ಎನ್ನುವ ಹಾಗಿಲ್ಲವಲ್ಲ, ಎಲ್ಲರೂ ಕುಡಿದರು. ಗುಂಡಿ ತೋಡಿದ ಇಬ್ಬರು ಆಸ್ಪತ್ರೆ ಸೇರಿದರು. ಈಗ ಆ ಹೆಂಗಸು ಬ್ರೆಡ್ಡಿನ ಸಾಲಿನಲ್ಲಿ ನಿಂತರೆ ಮುಂದಿನವಳು ತಿರುಗಿ ನೋಡುವುದಿಲ್ಲ, ಹಿಂದಿನವಳು ಒಂದು ಹೆಜ್ಜೆ ಬಿಟ್ಟು ನಿಲ್ಲುತ್ತಾಳೆ.

ನಮ್ಮ ವೋಡ್ಕಾ ಕಾರ್ಖಾನೆಯ ಬಾಗಿಲಿಗೆ ಹಲಗೆ ಹೊಡೆದಿದ್ದಾರೆ. ನಾನು ಅಲ್ಲಿ ಬೆಳಕಿನ ಪರದೆಯ ಮುಂದೆ ಕೂತು, ಬಾಟಲಿ ತಿರುಗಿಸಿ ಕಸ ಹುಡುಕಿ ಕಣ್ಣು ಸವೆಸಿದವಳು. ಕೊನೆಗೆ ರುಚಿ ನೋಡುವ ಮೇಜಿಗೂ ಕೂರಿಸಿದರು. ಅಂಥವಳ ಸಾವಿನ ಊಟದಲ್ಲಿ ಜನ ವಿಷ ಕುಡಿದು ಎದ್ದುಹೋಗುವುದು ಬೇಡ. ಟ್ರಂಕಿನಲ್ಲಿ, ನನ್ನನ್ನು ಹೂಳುವ ದಿನಕ್ಕೆಂದು, ಗಂಟು ಕಟ್ಟಿಟ್ಟಿದ್ದೇನೆ: ನೀಲಿ ಉಡುಪು, ಬಿಳಿ ತಲೆವಸ್ತ್ರ, ಚಪ್ಪಲಿ, ನನ್ನಮ್ಮನ ಚಿಕ್ಕ ದೇವರಪಟ. ಅದರ ಪಕ್ಕ ಇಡಲು ಲೆನಿನ್‌ಗ್ರಾದಿನಿಂದ ಒಳ್ಳೆಯ ವೋಡ್ಕಾ ಕಳಿಸು. ಹೊಸ ಹೆಸರಿನಿಂದ ನಿಮ್ಮೂರನ್ನು ಕರೆಯಲು ನನಗೆ ನಾಲಗೆ ತಿರುಗುವುದಿಲ್ಲ. ರೈಲಿನ ಬೋಗಿ ನೋಡಿಕೊಳ್ಳುವ ಲ್ಯುಸ್ಯಾ ಗೊತ್ತಲ್ಲ, ನಿನ್ನ ಜೊತೆ ಶಾಲೆಗೆ ಹೋದವಳು, ಅವಳ ಕೈಗೆ ಕೊಟ್ಟರೆ ತರುತ್ತಾಳೆ.

ಕೊಳ್ಳುವಾಗ ಬಾಟಲಿಯನ್ನು ತಲೆಕೆಳಗು ಮಾಡು. ಗುಳ್ಳೆಗಳು ಹಾವಿನ ಹಾಗೆ ಸುತ್ತಿಕೊಂಡು ನಿಧಾನ ಏಳಬೇಕು. ಮುಚ್ಚಳ ಬೆರಳಿಗೆ ತಿರುಗಬಾರದು. ಲೇಬಲ್ಲಿನ ಹಿಂದೆ ಅಂಟು ಸಾಲುಸಾಲಾಗಿರಬೇಕು. ಯಂತ್ರ ಹಚ್ಚಿದ ಅಂಟು ಹಾಗಿರುತ್ತದೆ, ಕಳ್ಳರು ಕುಂಚದಲ್ಲಿ ಬಳಿಯುತ್ತಾರೆ.

ಯಾವಾಗ ಬರುತ್ತೀಯ? ಕೆಲಸವಿದ್ದರೆ ಇರಲಿ.

ನಿನ್ನ ಅಮ್ಮ,
ಕ್ಲಾವ್ದಿಯಾ


ಸೇಂಟ್ ಪೀಟರ್ಸ್‌ಬರ್ಗ್
೨೪ ಸೆಪ್ಟೆಂಬರ್ ೧೯೯೫

ಅಮ್ಮಾ,

ನಿನ್ನ ಪತ್ರವನ್ನು ಟ್ರಾಮಿನಲ್ಲಿ ಓದಿದೆ. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ನಿನಗೆ ಆರೋಗ್ಯ ಸರಿಯಿದೆಯೇ? ಆಲೂಗಡ್ಡೆ, ಸ್ತೆಪಾನ್, ಅಂಟು ಎಲ್ಲದರ ವಿಷಯ ಬರೆದಿದ್ದೀಯ, ಅದೊಂದನ್ನು ಬರೆದಿಲ್ಲ. ಅರವತ್ತೆರಡಕ್ಕೆ ಯಾರಾದರೂ ಗಂಟು ಕಟ್ಟುತ್ತಾರೆಯೇ?

ವೋಡ್ಕಾ ಕೊಳ್ಳಬಾರದು ಎಂದುಕೊಂಡೆ. ಕೊಂಡರೆ ನೀನು ಹೇಳಿದ್ದಕ್ಕೆಲ್ಲ ಒಪ್ಪಿದ ಹಾಗಾಗುತ್ತದೆ ಎನ್ನಿಸಿತು. ಆಮೇಲೆ, ನಾನು ಕಳಿಸದಿದ್ದರೆ ನೀನು ನ್ಯೂರಾ ಅತ್ತೆಯನ್ನು ಗೂಡಂಗಡಿಗೆ ಕಳಿಸುತ್ತೀಯೆಂದು ಹೊಳೆದು ಹೊರಟೆ.

ನಿನಗೆ ನನ್ನ ಸ್ವಭಾವ ಗೊತ್ತು. ಅಂಗಡಿಯಲ್ಲಿ ಬೆರಳು ತೋರಿಸಿ ಇದು ಕೊಡಿ ಎನ್ನಲು ಮೂರು ಸಲ ಬಾಗಿಲ ಹೊರಗೆ ಅಭ್ಯಾಸ ಮಾಡುವವಳು ನಾನು. ಮೊದಲನೆಯ ಅಂಗಡಿಯಲ್ಲಿ ಬಾಟಲಿ ತೆಗೆದುಕೊಂಡು ತಲೆಕೆಳಗು ಮಾಡಿದೆ. ಮಾರುವ ಹೆಂಗಸು ಎಲ್ಲರಿಗೂ ಕೇಳುವಂತೆ, “ಏನಮ್ಮ, ಕೂಸಿಗೆ ತೇಗು ಬರಿಸ್ತಿದ್ದೀಯಾ?” ಎಂದಳು. ಹಿಂದೆ ನಿಂತಿದ್ದ ಮುದುಕನೊಬ್ಬ, “ಬಿಡು, ಮದುವೆಗೆ ತಗೋತಿರ್ಬೇಕು, ಮುಖ ಕೆಂಪಾಗಿದೆ ನೋಡು,” ಎಂದ. “ಇಂಥ ಮುಖ ಇಟ್ಕೊಂಡು ಮದುವೆಗೆ ಯಾರು ಹೋಗ್ತಾರೆ,” ಎಂದಳು ಅವಳು. ನಾನು ಬಾಟಲಿ ಇಟ್ಟು ಬಂದುಬಿಟ್ಟೆ.

ಎರಡನೆಯ ಅಂಗಡಿಯಲ್ಲಿ ಮುಚ್ಚಳ ತಿರುಗಿತು. ಮೂರನೆಯದರಲ್ಲಿ ಎಲ್ಲ ಸರಿಯಿತ್ತು, ಆದರೆ ಮಾರುವವನು ನನ್ನ ಕಣ್ಣು ತಪ್ಪಿಸಿದ. ನಾನೂ ಅವನ ಕಣ್ಣು ತಪ್ಪಿಸಿದೆನಾದ್ದರಿಂದ ಅದರಿಂದ ಏನು ತಿಳಿಯಬೇಕೋ ಗೊತ್ತಾಗಲಿಲ್ಲ. ಕೊನೆಗೆ ಬೇರೆ ಬೇರೆ ಕಡೆಯಿಂದ ಮೂರು ಬಾಟಲಿ ಕೊಂಡೆ. ಲ್ಯುಸ್ಯಾ ಅವನ್ನು ಹಾಸಿಗೆ ಬಟ್ಟೆಗಳ ನಡುವೆ ಸೇರಿಸಿ, “ನೀನೂ ಹತ್ತು, ಟೀ ಕೊಡ್ತೀನಿ, ಬೆಳಿಗ್ಗೆ ಅಮ್ಮನ ಮನೇಲಿರ್ತೀಯ,” ಎಂದಳು. ನನ್ನ ಬಳಿ ಚೀಲವಿರಲಿಲ್ಲ.

ಪ್ರಕಾಶನದಲ್ಲಿ ಈಗ ಪರದೇಶದ ಪ್ರೇಮಕಥೆಗಳನ್ನೇ ಅಚ್ಚು ಹಾಕುತ್ತಾರೆ. ಸಾಹಿತ್ಯ ಓದಿ ಬಂದವಳು ನಾನು ಅವುಗಳ ಅಲ್ಪವಿರಾಮ ತಿದ್ದುತ್ತೇನೆ. ಹೊಸ ವರ್ಷಕ್ಕೆ ರಜೆ ಸಿಗಬಹುದು.

ಅಣ್ಣನಿಗೆ ನನ್ನ ನೆನಪು ಹೇಳು.

ರಿಮ್ಮಾ


ಲುಝ್ಮಾ
೧೯ ಅಕ್ಟೋಬರ್ ೧೯೯೫

ಮಗಳೇ,

ಮೂರೂ ಬಂದವು. ನ್ಯೂರಾ ಬಾಟಲಿಗಳನ್ನು ಕಿಟಕಿಯಾಚೆ ಹಿಮದಲ್ಲಿ ಹೂಳೋಣ ಎಂದಳು. ನಾನು ಬೈದೆ. ತಣ್ಣಗಾದರೆ ಎಲ್ಲ ವೋಡ್ಕಾವೂ ಒಂದೇ. ಚಳಿಯಲ್ಲಿ ಸುಳ್ಳು ಅಡಗಿಕೊಳ್ಳುತ್ತದೆ. ನಾವು ಕಾರ್ಖಾನೆಯಲ್ಲಿ ಕೋಣೆಯ ಬಿಸಿಯಲ್ಲೇ ರುಚಿ ನೋಡುತ್ತಿದ್ದೆವು.

ಒಂದು ಚಮಚದಷ್ಟು ಗ್ಲಾಸಿಗೆ ಹಾಕಿ, ಅಂಗೈಯಲ್ಲಿ ಹಿಡಿದುಕೊಂಡು ಕಾಯಬೇಕು. ಮೂಗಿಗೆ ಹೊಡೆಯಬಾರದು. ಆಗ ತಾನೇ ಒರೆಸಿದ ಕಿಟಕಿಯ ವಾಸನೆ ಇರಬೇಕು, ಅದರ ಹಿಂದೆ ಎಲ್ಲೋ ದೂರದಲ್ಲಿ ಬ್ರೆಡ್ಡು. ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ನೀರು ಎಂಥದು ತಿಳಿಯುತ್ತದೆ. ಮೃದು ನೀರಿನದು ದುಂಡಗಿರುತ್ತದೆ. ಗಡಸು ನೀರಿನದಕ್ಕೆ ಮೂಲೆಗಳಿರುತ್ತವೆ. ನುಂಗಿದ ಮೇಲೆ ಗಂಟಲು ಉರಿಯದೆ ಎದೆ ಬೆಚ್ಚಗಾದರೆ ಅದು ಒಳ್ಳೆಯದು.

ನಿನ್ನ ಮೊದಲನೆಯದಕ್ಕೆ ಮೂಲೆಗಳಿದ್ದವು. ಎರಡನೆಯದು ಸಕ್ಕರೆ ಹಾಕಿ ಮುಚ್ಚಿದ್ದು. ಮೂರನೆಯದು, ಹಸಿರು ಲೇಬಲ್ಲಿನದು, ಅದನ್ನು ಬಾಯಲ್ಲಿಟ್ಟುಕೊಂಡು ನಾನು ಕಿಟಕಿಯ ಬಳಿ ಕೂತುಬಿಟ್ಟೆ. ನಿನ್ನಪ್ಪ ಇದ್ದಾಗ ನಾವು ಮಾಡುತ್ತಿದ್ದದ್ದು ಅಂಥದು. ಅದರದೇ ಒಂದು ಪೆಟ್ಟಿಗೆ ಬೇಕು.

ಗೆನ್ಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ಅಮ್ಮ, ನೀನು ಸತ್ಮೇಲೆ ಇದನ್ನ ಯಾರು ಕುಡೀತಾರೆ?” ಎಂದ. “ಬಂದವರು,” ಎಂದೆ. “ಮತ್ತೆ ನಾನು?” “ನೀನು ಬಡಿಸು.” ನಗುತ್ತಾ, “ಅಂದ್ರೆ ಬದುಕಿರೋವ್ರಿಗೆ ಗೂಡಂಗಡೀದು, ಸತ್ತೋರ ಮನೇಲಿ ಒಳ್ಳೇದು,” ಎಂದು ಹೋದ. ಮೂಗು ನನ್ನದೇ ಅವನಿಗೆ. ಪಕ್ಕದ ಕೋಣೆಯಿಂದಲೇ, “ಮೂರನೇದು ಗೋಧೀದು,” ಎಂದು ಕೂಗಿದ. ಸರಿಯಾಗಿತ್ತು. ಟ್ರಂಕಿಗೆ ಬೀಗ ಹಾಕಿದ್ದೇನೆ.

ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆ. ಹೊಟ್ಟೆಯ ಒಳಗಿನ ಚಿತ್ರ ತೆಗೆದರು. ವೈದ್ಯೆ ಒಳ್ಳೆಯವಳು, ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಾನೂ ಹಾಗೇ ಬಾಟಲಿ ಹಿಡಿಯುತ್ತಿದ್ದೆನಲ್ಲ, ಒಳಗೆ ಏನೋ ಕಂಡಿದೆ ಎಂದು ಅವಳ ಕೈಯಿಂದಲೇ ತಿಳಿಯಿತು.

ರಿಮ್ಮಾ, ಒಂದು ಮಾತು ಕೇಳಬೇಕೆಂದಿದ್ದೆ. ನೀನು ಬಂದಾಗ ಕೇಳುತ್ತೇನೆ.

ಅಮ್ಮ


ಸೇಂಟ್ ಪೀಟರ್ಸ್‌ಬರ್ಗ್
೨೬ ನವೆಂಬರ್ ೧೯೯೫

ಅಮ್ಮಾ,

ಹಸಿರು ಲೇಬಲ್ಲಿನದು ಸುಲಭಕ್ಕೆ ಸಿಗಲಿಲ್ಲ. ನಾನು ಮೊದಲು ಕೊಂಡ ಅಂಗಡಿಯಲ್ಲಿ ಈಗ ಚರ್ಮದ ಕೋಟು ಮಾರುತ್ತಾರೆ. ಭಾನುವಾರಗಳೆಲ್ಲ ಇದಕ್ಕೇ ಹೋದವು. ಕಾಲುವೆಯ ಪಕ್ಕದ ಒಂದು ನೆಲಮಾಳಿಗೆಯ ಅಂಗಡಿಯಲ್ಲಿ ಕೊನೆಗೆ ಸಿಕ್ಕಿತು. ಅದರ ಮುದುಕ ಮಾಲೀಕ ನಾನು ಬಾಟಲಿ ತಲೆಕೆಳಗು ಮಾಡಿದಾಗ ನಗಲಿಲ್ಲ. “ಯಾರು ಕಲಿಸಿದ್ರು?” ಎಂದ. “ಅಮ್ಮ.” “ಏನು, ಮದುವೆಗಾ?” ನಾನು ಹೌದು ಎಂದೆ. “ಹುಡುಗ ಕುಡುಕನಾ?” “ಇಲ್ಲ.” “ಹಂಗಾದ್ರೆ ಇಷ್ಟು ಒಳ್ಳೇದು ಯಾಕೆ ದಂಡ ಮಾಡ್ತೀಯ,” ಎಂದು ಬೈಯುತ್ತಲೇ ಪೆಟ್ಟಿಗೆಗೆ ಹಗ್ಗ ಕಟ್ಟಿದ.

ಒಂದು ಬಾಟಲಿ ನನಗೆ ಇಟ್ಟುಕೊಂಡಿದ್ದೇನೆ. ಕೆಲಸದಿಂದ ಬಂದು, ಉಪ್ಪಿನ ಸೌತೆಕಾಯಿ ಹೆಚ್ಚಿಕೊಂಡು, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕೂರುತ್ತೇನೆ. ಒರೆಸಿದ ಕಿಟಕಿ ಮೊದಲ ದಿನವೇ ಸಿಕ್ಕಿತು. ಬ್ರೆಡ್ಡು ಸಿಗಲು ಬಹಳ ದಿನ ಹಿಡಿಯಿತು. ಸಿಕ್ಕಿದ ದಿನ ಯಾರಿಗಾದರೂ ಹೇಳಬೇಕೆನ್ನಿಸಿ ಸುತ್ತ ನೋಡಿದೆ.

ನೀನು ಕೇಳಬೇಕೆಂದಿರುವ ಮಾತು ಏನೆಂದು ನಾನು ಊಹಿಸಲು ಹೋಗುವುದಿಲ್ಲ. ಆಸ್ಪತ್ರೆಯವರು ಹೆಸರು ಏನು ಹೇಳಿದರು? ಇಲ್ಲಿನ ವೈದ್ಯರನ್ನು ವಿಚಾರಿಸಬಹುದು.

ಹೊಸ ವರ್ಷಕ್ಕೆ ಖಂಡಿತ ಬರುತ್ತೇನೆ.

ರಿಮ್ಮಾ


ಲುಝ್ಮಾ
೧೪ ಜನವರಿ ೧೯೯೬

ರಿಮ್ಮಾ,

ಹೊಸ ವರ್ಷಕ್ಕೆ ನೀನು ಬರುತ್ತೀಯೆಂದು ಅಣಬೆಯ ಜಾಡಿ ತೆಗೆದಿದ್ದೆ. ತೆಗೆದ ಜಾಡಿ ಇಡುವ ಹಾಗಿಲ್ಲ, ತಿಂದೆವು.

ಈ ತಿಂಗಳ ಏಳರಂದು, ಕ್ರಿಸ್‌ಮಸ್ ದಿನ, ಗೆನ್ಕಾ ಟ್ರಂಕಿನ ಹತ್ತಿರ ಬಂದು ಕೂತ. ಅಷ್ಟು ತಿಂಗಳು ಮುಟ್ಟದವನು. “ಅಮ್ಮ, ಒಂದೇ ಒಂದು. ಹಬ್ಬ. ಕೋಲ್ಯಾ ಬರ್ತಾನೆ. ಒಳ್ಳೇದನ್ನ ಒಂದ್ಸಲ ಮನುಷ್ಯರ ಥರ ಕೂತು ಕುಡೀತೀವಿ.” ನಾನು ಕೊಡಲಿಲ್ಲ. ಒಂದು ಕೊಟ್ಟರೆ ಪೆಟ್ಟಿಗೆ ಖಾಲಿಯಾಗುತ್ತದೆ ಎಂದುಕೊಂಡೆ. “ಅದು ನನ್ನ ಸಾವಿಗೆ,” ಎಂದೆ. “ಹಂಗಾದ್ರೆ ಬೇಗ ಸಾಯಿ,” ಎಂದ. ಹಾಗೆ ಹೇಳಿ ತಾನೇ ನಕ್ಕು, ನನ್ನ ತಲೆಗೆ ಮುತ್ತಿಟ್ಟು ಹೋದ.

ಅವನೂ ಅವನ ಗೆಳೆಯ ಕೋಲ್ಯಾನೂ ಗೂಡಂಗಡಿಯಿಂದ ತಂದರು. ಅವನು ಸುಮ್ಮನೆ ತರಲಿಲ್ಲ ರಿಮ್ಮಾ. ನನ್ನ ಮಗ. ತಲೆಕೆಳಗು ಮಾಡಿದ, ಹಾವು ಎದ್ದಿತು. ಅಂಟು ಸಾಲಾಗಿತ್ತು. ನನ್ನ ಮುಂದೆಯೇ ಗ್ಲಾಸನ್ನು ಅಂಗೈಯಲ್ಲಿ ಹಿಡಿದು, ಮೂಸಿ, ನಾಲಗೆಯ ಮೇಲಿಟ್ಟುಕೊಂಡು, “ಮೆತ್ತಗಿದೆ ಅಮ್ಮ, ನಿನ್ನ ಪೆಟ್ಟಿಗೇದಕ್ಕೇನೂ ಕಮ್ಮಿಯಿಲ್ಲ. ನೀನೇ ನೋಡು,” ಎಂದು ಕೊಟ್ಟ. ನಾನೂ ನಾಲಗೆಗೆ ಮುಟ್ಟಿಸಿ ಉಗಿದೆ. ಮೆತ್ತಗೇ ಇತ್ತು. ಒಳ್ಳೆಯದು ಎಂದೆ. ನಾನೇ ಹೇಳಿದೆ.

ಮರುದಿನ ಸೂರ್ಯ ಕಿಟಕಿಗೆ ಬಂದಿದ್ದ. ಗೆನ್ಕಾ ಹಾಸಿಗೆಯಿಂದ, “ಅಮ್ಮ, ಲೈಟ್ ಹಾಕ್ಬಾರ್ದಾ, ಎಷ್ಟೊತ್ತು ಕತ್ತಲೇಲಿ ಓಡಾಡ್ತೀಯ,” ಎಂದ.

ಆಂಬುಲೆನ್ಸಿನ ವೈದ್ಯೆ ಬಂದವಳೇ, “ಮನೇಲಿ ನಂಬೋ ಅಂಥ ವೋಡ್ಕಾ ಇದೆಯಾ?” ಎಂದಳು. ನನಗೆ ಅವಳು ಹುಚ್ಚಿಯಂತೆ ಕಂಡಳು. ಅವರು ಕುಡಿದದ್ದರಲ್ಲಿ ಮೀಥೈಲ್ ಸ್ಪಿರಿಟ್ ಇತ್ತಂತೆ, ಆ ವಿಷಕ್ಕೆ ಮದ್ದು ಒಳ್ಳೆಯ ವೋಡ್ಕಾವೇ ಅಂತೆ, ಆಸ್ಪತ್ರೆ ತಲುಪುವವರೆಗೆ ಕುಡಿಸುತ್ತಿರಬೇಕಂತೆ. ಟ್ರಂಕಿನ ಬೀಗದಕೈ ನನ್ನ ಕೊರಳಲ್ಲೇ ಇತ್ತು, ದಾರ ಬಿಚ್ಚಲು ಬೆರಳು ಬರಲಿಲ್ಲ, ನ್ಯೂರಾ ಕತ್ತರಿಸಿದಳು. ಹಿಮದ ದಾರಿಯುದ್ದಕ್ಕೂ ನಾನು ಅವನ ಬಾಯಿಗೆ ಹಸಿರು ಲೇಬಲ್ಲಿನದನ್ನು ಚಮಚದಲ್ಲಿ ಹಾಕುತ್ತಿದ್ದೆ. ಒಳ್ಳೆಯದನ್ನು ಕೊಡು ಎಂದು ಕೇಳಿದ್ದನಲ್ಲ.

“ನಾನು ರುಚಿ ನೋಡಿದ್ದೆ,” ಎಂದೆ ವೈದ್ಯೆಗೆ. “ನಾನು ಕಾರ್ಖಾನೇಲಿ ರುಚಿ ನೋಡೋಳು.” ಅವಳು, “ಇದು ಯಾವ ನಾಲಗೆಗೂ ಗೊತ್ತಾಗಲ್ಲ ಅಜ್ಜಿ,” ಎಂದಳು.

ಕೋಲ್ಯಾನ ಮನೆಯಲ್ಲಿ ಒಳ್ಳೆಯದು ಇರಲಿಲ್ಲ. ಅವನನ್ನು ಹೂತರು. ಗೆನ್ಕಾ ಬದುಕಿದ. ಕಣ್ಣು ಬರುವುದಿಲ್ಲ ಎಂದರು.

ನೀನು ಬಂದಾಗ ಕೇಳಬೇಕೆಂದಿದ್ದದ್ದನ್ನು ಈಗಲೇ ಕೇಳುತ್ತೇನೆ. ನನಗೆ ಹೆಚ್ಚು ಕಾಲವಿಲ್ಲ. ನಾನು ಹೋದಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ?

ಅಮ್ಮ


ಸೇಂಟ್ ಪೀಟರ್ಸ್‌ಬರ್ಗ್
೨೮ ಜನವರಿ ೧೯೯೬

ಅಮ್ಮಾ,

ಎಷ್ಟೋ ಸಲ ಬರೆಯಲು ಕೂತು ಎದ್ದೆ. ಇಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿ ವಿಚಾರಿಸಿದೆ. ಕಣ್ಣಿನ ಹಿಂದಿನ ನರ ಸತ್ತರೆ ಏನೂ ಮಾಡಲಾಗದು ಎಂದರು. ಆದರೂ ಕಾಗದಗಳನ್ನು ಕಳಿಸಿದರೆ ನೋಡುತ್ತಾರಂತೆ. ನಿನ್ನ ಹೊಟ್ಟೆಯ ಚಿತ್ರವನ್ನೂ ಕಳಿಸು. ಲ್ಯುಸ್ಯಾಳ ಕೈಯಲ್ಲಿ ಉಣ್ಣೆಯ ಕಾಲುಚೀಲ, ಚಹಾ, ಅಣ್ಣನಿಗೆ ಒಂದು ರೇಡಿಯೋ ಕಳಿಸಿದ್ದೇನೆ. ಗುಂಡಿಗಳು ದೊಡ್ಡವು, ಬೆರಳಿಗೆ ಸಿಗುತ್ತವೆ.

ಯಾರ ಕಣ್ಣಿಗೂ ಬೀಳಬಾರದೆಂದು ಮೂಲೆ ಹುಡುಕುತ್ತಲೇ ಬೆಳೆದವಳು ನಾನು. ಈಗ ಮನೆಯೊಳಗೆ ಕಾಲಿಟ್ಟರೆ ಅಣ್ಣನಿಗೆ ನಾನು ಬಂದದ್ದು ಕಾಣುವುದಿಲ್ಲ. ನಾನೇ ಬಾಯಿ ಬಿಟ್ಟು ಬಂದೆ ಎನ್ನಬೇಕು. ಆಮೇಲೆ ಏನು ಹೇಳಬೇಕು ಎಂದು ಯೋಚಿಸುತ್ತೇನೆ.

ಫೆಬ್ರವರಿಯಲ್ಲಿ ಎರಡು ಪುಸ್ತಕ ಮುಗಿಯಬೇಕು. ನನ್ನ ಕೋಣೆ ಎಷ್ಟು ಚಿಕ್ಕದೆಂದು ನಿನಗೆ ಗೊತ್ತು. ನೆಲಮಾಳಿಗೆಯ ಮುದುಕನ ಬಳಿ ಇನ್ನೊಂದು ಪೆಟ್ಟಿಗೆ ಹೇಳಿಟ್ಟಿದ್ದೇನೆ.

ರಿಮ್ಮಾ


ಲುಝ್ಮಾ
೨೫ ಫೆಬ್ರವರಿ ೧೯೯೬

ರಿಮ್ಮಾ,

ಕೇಳಿದ್ದೊಂದನ್ನು ಬಿಟ್ಟು ಎಲ್ಲದಕ್ಕೂ ಉತ್ತರ ಬರೆದಿದ್ದೀಯ.

ನದಿಯ ಮಂಜುಗಡ್ಡೆ ಒಡೆಯುವವರೆಗೆ ಇರುತ್ತೇನೆ ಎಂದು ವೈದ್ಯೆ ಹೇಳುತ್ತಾಳೆ. ಒಳ್ಳೆಯವಳು, ಸ್ವಲ್ಪ ಹೆಚ್ಚೇ ಹೇಳಿರಬೇಕು.

ವೋಡ್ಕಾ ಬೇಡ. ನೀನು ಬಾ.

ಅಮ್ಮ


ತಂತಿ
ಸೇಂಟ್ ಪೀಟರ್ಸ್‌ಬರ್ಗ್, ೧೪ ಮಾರ್ಚ್ ೧೯೯೬

ನಾಳೆ ಶುಕ್ರವಾರದ ರೈಲಿಗೆ ಹೊರಡುತ್ತೇನೆ. ರಿಮ್ಮಾ


ಲುಝ್ಮಾ
೨೧ ಏಪ್ರಿಲ್ ೧೯೯೬

ತಂಗಿ ರಿಮ್ಮಾ,

ನಾನು ಹೇಳುತ್ತಿದ್ದೇನೆ, ನ್ಯೂರಾ ಅತ್ತೆ ಬರೆಯುತ್ತಿದ್ದಾಳೆ. ಬೈಗುಳ ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತಾಳಂತೆ, ಹಾಗಾಗಿ ಪತ್ರ ಚಿಕ್ಕದು.

ಆ ಶನಿವಾರ ಬೆಳಿಗ್ಗೆ ಅಮ್ಮ ತಲೆ ಬಾಚಿಸಿಕೊಂಡು ಕೂತಿದ್ದಳು. ಅತ್ತೆ ನನ್ನನ್ನು ಕೈ ಹಿಡಿದು ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ರೈಲು ನಿಂತಿತು. ನಿನ್ನ ಹೆಜ್ಜೆ ಗುರುತು ಹಿಡಿಯಲು ಕಿವಿಗೊಟ್ಟು ನಿಂತೆ. ಲ್ಯುಸ್ಯಾ ಬಂದು ನನ್ನ ತೋಳಿಗೆ ಪೆಟ್ಟಿಗೆ ಇಟ್ಟಳು. “ಎಲ್ಲಿ ಅವ್ಳು?” ಎಂದೆ. “ಹತ್ತಲಿಲ್ಲ ಗೆನ್ಕಾ. ಸೀಟು ಖಾಲಿಯಿತ್ತು, ಚೀಲಾನೂ ಇತ್ತು ಅವಳ ಹತ್ರ. ಬಾಗಿಲ ಕಂಬಿ ಹಿಡ್ಕೊಂಡು ನಿಂತಿದ್ಲು. ಹತ್ತೇ ಅಂದೆ, ಬೈದೆ, ಕೈ ಹಿಡಿದು ಎಳೆದೆ. ರೈಲು ಹೊರಟ್ಮೇಲೆ ಕೈ ಬಿಟ್ಲು,” ಎಂದಳು. ಅವಳು ಅಳುತ್ತಿದ್ದಳು, ನನಗಿಂತ ಹೆಚ್ಚು.

ಮನೆಗೆ ಬಂದು ರೈಲು ತಡ ಅಂತೆ ಎಂದೆ. ಅಮ್ಮ ಮೂವತ್ತು ವರ್ಷದಿಂದ ಆ ರೈಲಿನ ಸೀಟಿ ಕೇಳಿದವಳು. ಆಮೇಲೆ ಬಾಟಲಿ ತೆಗೆಯಲು ಹೇಳಿದಳು. ಅತ್ತೆ ಚಮಚದಲ್ಲಿ ತುಟಿಗೆ ಮುಟ್ಟಿಸಿದಳು. ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದು, “ಆರಿಸೋದು ಚೆನ್ನಾಗಿ ಕಲ್ತಿದ್ದಾಳೆ,” ಎಂದಳು. ಅದಾದ ಮೇಲೆ ನಿನ್ನ ಹೆಸರೆತ್ತಲಿಲ್ಲ. ಮುಂದಿನ ವಾರ ಹೋದಳು. ನದಿ ಇನ್ನೂ ಗಟ್ಟಿಯಿತ್ತು. ನಿನಗೆ ತಂತಿ ಕೊಟ್ಟೆವು. ತಲುಪಿತು ಎಂದು ಅಂಚೆಯವರು ಹೇಳಿದರು.

ಊಟಕ್ಕೆ ಬೀದಿಯವರೆಲ್ಲ ಬಂದರು. ಅತ್ತೆ ಎಲ್ಲರಿಗೂ ಸುರಿದಳು, ಅಮ್ಮನ ಚಿತ್ರದ ಮುಂದಿನ ಗ್ಲಾಸಿನ ಮೇಲೆ ಕಪ್ಪು ಬ್ರೆಡ್ಡು ಇಟ್ಟಳು. ಎಲ್ಲರೂ ಎತ್ತಿದರು. ಯಾರೂ ಕುಡಿಯಲಿಲ್ಲ. ಕುಡಿದ ಮೇಲೆ ಜನ ಉಸಿರು ಬಿಡುತ್ತಾರೆ ರಿಮ್ಮಾ, ಆ ಉಸಿರು ಕೇಳಲಿಲ್ಲ. ಗ್ಲಾಸುಗಳು ಒಂದೊಂದಾಗಿ ಮೇಜಿಗೆ ಇಳಿದದ್ದು ಕೇಳಿಸಿತು. ಕೋಲ್ಯಾನ ಅಮ್ಮ ಅಲ್ಲೇ ಕೂತಿದ್ದಳು.

ನಾನು ಎದ್ದು, “ನಾನು ಮೊದ್ಲು ಕುಡೀತೀನಿ. ನನ್ಹತ್ರ ಹೋಗೋಕೆ ಇನ್ನೇನಿದೆ?” ಎಂದೆ. ಯಾರೋ ನಕ್ಕರು, ನಕ್ಕವರಿಗೆ ಪಕ್ಕದವರು ತಿವಿದರಂತೆ. ಕುಡಿದೆ. ಅವರೆಲ್ಲ ಗಂಜಿ ಉಣ್ಣುತ್ತಾ ನನ್ನ ಮುಖ ನೋಡುತ್ತಾ ಕೂತರಂತೆ. ಎಷ್ಟೋ ಹೊತ್ತಿನ ಮೇಲೆ ಗುಂಡಿ ತೋಡಿದವನೊಬ್ಬ, “ಹೆಂಗಿದೆ?” ಎಂದ. “ಮೆತ್ತಗಿದೆ,” ಎಂದೆ. ನನಗೆ ಯಾವ ರುಚಿಯೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಕುಡಿದರು. ಇಂಥದು ಕುಡಿದು ಎಷ್ಟು ವರ್ಷವಾಯಿತು ಎಂದರು. ಕ್ಲಾವ್ದಿಯಾ ಯೆಗೊರೊವ್ನಾ ಮರ್ಯಾದೆಯಿಂದ ಹೋದಳು ಎಂದರು. ಅಮ್ಮ ಬಯಸಿದ್ದು ಅದೇ ಮಾತು, ಅದನ್ನು ನೀನು ಕೊಡಿಸಿದೆ. ಇದನ್ನು ಹಾಗೇ ಬರೆ ಎಂದು ಅತ್ತೆಗೆ ಹೇಳಿದ್ದೇನೆ.

ನನ್ನನ್ನು ಕುರುಡರ ಮನೆಗೆ ಸೇರಿಸುವ ಮಾತು ನಡೆದಿದೆ. ಮೇ ತಿಂಗಳಲ್ಲಿ ಜಾಗ ಆಗಬಹುದು. ಅಲ್ಲಿ ಪೊರಕೆ ಕಟ್ಟುವುದನ್ನು ಕಲಿಸುತ್ತಾರಂತೆ.

ಇನ್ನು ಪತ್ರ ಬರೆಯಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಪತ್ರ ಬಂದರೆ ಯಾರಾದರೂ ಓದಿ ಹೇಳಬೇಕು. ಅವರು ಓದುವಾಗ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿರುತ್ತದೆಂದು ನನಗೆ ಗೊತ್ತಾಗುವುದಿಲ್ಲ.

ನಿನ್ನ ಅಣ್ಣ,
ಗೆನ್ನಾದಿ